ಅರ್ಧಕ್ಕೆ ನಿಂತ ಬಟ್ಟೆಗಳ ಗಂಟು ಬಿಚ್ಚಿ ಬರೆದದ್ದು: ಮನೆಯ ಜಿಗ್‌ಜಾಗ್ ಹೊಲಿಗೆ ಮಷೀನಿನ ವಿಮರ್ಶೆ

ಹೊಲಿಗೆ ಮಷೀನಿನ ವಿಮರ್ಶೆಗಳನ್ನು ಓದಿ ನೋಡಿ. ಬಹಳಷ್ಟು ಜನ ಡಬ್ಬ ಬಿಚ್ಚಿದ ವಾರದಲ್ಲೇ ಬರೆದಿರುತ್ತಾರೆ. ಸದ್ದು ಕಡಿಮೆ, ಬಣ್ಣ ಚಂದ, ಇಷ್ಟು ಥರದ ಹೊಲಿಗೆ ಇದೆ, ಐದಕ್ಕೆ ಐದು. ಮೊದಲ ವಾರದಲ್ಲಿ ಯಾವ ಮಷೀನ್ ತಾನೇ ಚೆನ್ನಾಗಿ ಹೊಲಿಯುವುದಿಲ್ಲ? ಸೂಜಿ ಹೊಸದು, ಒಳಗೆ ಒಂದು ಚೂರು ಧೂಳಿಲ್ಲ, ಹೊಲಿಯುತ್ತಿರುವುದು ದಿಂಬಿನ ಕವರು.

ನನ್ನ ಮಷೀನ್ ಆ ವಯಸ್ಸು ದಾಟಿ ವರ್ಷಗಳೇ ಆದವು. ಅದರ ಗುಣ ದೋಷ ಹೇಳಬೇಕೆಂದರೆ ಬೀರುವಿನ ಕೆಳಗಿನ ಅರೆಯಲ್ಲಿರುವ ಗಂಟು ಬಿಚ್ಚಬೇಕು. ಅರ್ಧಕ್ಕೆ ನಿಂತ ಬಟ್ಟೆಗಳೆಲ್ಲ ಅದರಲ್ಲಿವೆ. ಒಂದೊಂದೂ ಎಲ್ಲಿ ನಿಂತಿದೆ ನೋಡಿದರೆ, ಮಷೀನಿನ ಯಾವ ಭಾಗ ಕೈಕೊಟ್ಟಿತು ಅಂತ ಗೊತ್ತಾಗುತ್ತದೆ. ಕೆಲವು ಸೋಮಾರಿತನದಿಂದ ನಿಂತಿವೆ. ಅವನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಮಷೀನಿನ ಪರಿಚಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕರೆಂಟಿನದು, ಕಾಲಲ್ಲಿ ಒತ್ತುವ ಪೆಡಲ್ ಇದೆ. ಹೊಲಿಗೆಯ ಉದ್ದ 0ಯಿಂದ 4 ಮಿ.ಮೀ., ಜಿಗ್‌ಜಾಗ್ ಅಗಲ 5 ಮಿ.ಮೀ. ತನಕ. ಬಾಬಿನ್, ಅಂದರೆ ಅಡಿಯ ದಾರ ಸುತ್ತಿದ ಪುಟ್ಟ ಉರುಳೆ, ಮುಂದಿನಿಂದ, ಲೋಹದ ಕೇಸಿನಲ್ಲಿ ಕೂರುತ್ತದೆ. ಕಾಜಾ, ಅಂದರೆ ಗುಂಡಿ ತೂರಿಸುವ ಸೀಳು, ಹಾಕಲು ನಾಲ್ಕು ಹಂತದ ಡಯಲ್. ಕಂಪನಿಯ ಹೆಸರು ಹೇಳುವುದಿಲ್ಲ, ಅದರ ಅಗತ್ಯವೂ ಇಲ್ಲ. ಈ ದರ್ಜೆಯ ಮಷೀನ್‌ಗಳ ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಹೂವು, ಬಾತುಕೋಳಿ, ಅಲೆ ಅಂತ ಡಯಲ್ ತುಂಬ ಅಲಂಕಾರದ ಹೊಲಿಗೆಗಳಿವೆ. ಬಾತುಕೋಳಿಯನ್ನು ನಾನು ಇವತ್ತಿನವರೆಗೂ ಯಾವ ಬಟ್ಟೆಯ ಮೇಲೂ ಬಿಟ್ಟಿಲ್ಲ.

ನೇರ ಹೊಲಿಗೆಗೆ ಪೂರ್ತಿ ಅಂಕ. ಪರದೆ, ಚೀಲ, ದಿಂಬಿನ ಕವರು, ಹಾಸಿಗೆಯ ಹೊದಿಕೆ, ಇವುಗಳಲ್ಲಿ ಒಂದೂ ಗಂಟಿನಲ್ಲಿಲ್ಲ. ಕೂತ ದಿನವೇ ಮುಗಿಯುತ್ತವೆ. ಇದರ ಬಗ್ಗೆ ಇನ್ನು ಹೇಳುವುದೇನೂ ಇಲ್ಲ.

ಹೊಸಬರು ಮಷೀನನ್ನೇ ಮೂಲೆಗೆ ತಳ್ಳುವಂತೆ ಮಾಡುವ ಒಂದು ತೊಂದರೆ ಇದೆ, ಅದನ್ನು ಮೊದಲು ನೋಡೋಣ. ಬಟ್ಟೆಯ ಮೇಲ್ಭಾಗ ಚೆನ್ನಾಗಿ ಕಾಣುತ್ತಿರುತ್ತದೆ. ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರದ ಗೂಡು! ಎಳೆದರೆ ಬರುವುದಿಲ್ಲ, ಮಷೀನ್ ಮುಂದೆ ಹೋಗುವುದಿಲ್ಲ, ಕತ್ತರಿ ತೂರಿಸಿದರೆ ಬಟ್ಟೆಗೂ ತೂತು. ಸಿಕ್ಕು ಅಡಿಯಲ್ಲಿದೆ ಅಂತ ಎಲ್ಲರೂ ಬಾಬಿನ್ ಕೇಸಿನ ಪುಟ್ಟ ಸ್ಕ್ರೂಗೆ ಕೈ ಹಾಕುತ್ತಾರೆ. ದಯವಿಟ್ಟು ಅದನ್ನು ಮುಟ್ಟಬೇಡಿ. ತಪ್ಪು ನಡೆದಿರುವುದು ಹೆಚ್ಚಿನ ಸಲ ಮೇಲಿನ ದಾರದಲ್ಲಿ.

ಯಾಕೆ ಅಂತ ತಿಳಿಯಲು ಹೊಲಿಗೆ ಬೀಳುವ ರೀತಿ ಗೊತ್ತಿರಬೇಕು. ಸೂಜಿ ಮೇಲಿನ ದಾರವನ್ನು ಬಟ್ಟೆಯ ಕೆಳಗೆ ಒಯ್ಯುತ್ತದೆ. ಮತ್ತೆ ಮೇಲೇಳಲು ಶುರು ಮಾಡಿದ ಕ್ಷಣ ಸೂಜಿಯ ಪಕ್ಕದಲ್ಲಿ ಒಂದು ಸಣ್ಣ ಕುಣಿಕೆ ಉಬ್ಬುತ್ತದೆ. ಅಡಿಯಲ್ಲಿ ತಿರುಗುವ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ ಸುತ್ತ ದಾಟಿಸುತ್ತದೆ. ಆಮೇಲೆ ಮೇಲೆ ಕುಣಿಯುವ ಲಿವರ್ ಹೆಚ್ಚಿನ ದಾರವನ್ನು ಎಳೆದುಕೊಳ್ಳುತ್ತದೆ, ಎರಡು ದಾರ ಬಟ್ಟೆಯ ನಡುವೆ ಬಿಗಿಯಾಗುತ್ತವೆ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಮಷೀನಿನಲ್ಲೂ ಇದೇ ಉಪಾಯ ಇತ್ತು. ಚೂಪು ತುದಿಯ ಹತ್ತಿರ ಕಣ್ಣಿರುವ ಸೂಜಿ, ಅಡಿಯಿಂದ ಇನ್ನೊಂದು ದಾರ. ಮೇಲಿನ ದಾರ ಸಡಿಲವಾಗಿದ್ದರೆ ಲಿವರ್ ಎಳೆದರೂ ಅದು ಬಿಗಿಯಾಗುವುದಿಲ್ಲ. ಹೆಚ್ಚಿದ ದಾರವೆಲ್ಲ ಅಡಿಯಲ್ಲೇ ಉಳಿದು ಗೂಡಾಗುತ್ತದೆ.

ಮೇಲಿನ ದಾರ ಸಡಿಲ ಆಗುವುದು ಹೇಗೆ? ಪಾದ, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್, ಕೆಳಗಿದ್ದಾಗ ಮೇಲಿನ ದಾರವನ್ನು ಬಿಗಿಹಿಡಿಯುವ ಟೆನ್ಷನ್ ಡಿಸ್ಕುಗಳು ಮುಚ್ಚಿಕೊಂಡಿರುತ್ತವೆ. ಆಗ ದಾರ ಪೋಣಿಸಿದರೆ ಅದು ಡಿಸ್ಕುಗಳ ನಡುವೆ ಇಳಿಯುವುದೇ ಇಲ್ಲ, ಮೇಲಿಂದ ಜಾರಿಕೊಂಡು ಹೋಗುತ್ತದೆ. ಟೆನ್ಷನ್ ಡಯಲನ್ನು 9ಕ್ಕೆ ತಿರುಗಿಸಿದರೂ ಏನೂ ಉಪಯೋಗವಿಲ್ಲ. ಪಾದ ಮೇಲೆತ್ತಿ ಪೋಣಿಸಿ, ಆಮೇಲೆ ಇಳಿಸಿ ದಾರ ಎಳೆದು ನೋಡಿ. ಕೈಗೆ ಬಿಗಿ ಹತ್ತಬೇಕು. ಹೊಲಿಗೆ ಶುರು ಮಾಡುವಾಗ ಎರಡೂ ದಾರದ ತುದಿಯನ್ನು ಪಾದದ ಹಿಂದೆ ಬೆರಳಲ್ಲಿ ಹಿಡಿದುಕೊಳ್ಳಿ. ಮಷೀನ್ ಜೊತೆ ಬಂದ ಪುಸ್ತಕದಲ್ಲಿ ಇದೆಲ್ಲ ಒಂದು ಚಿತ್ರದ ಮೂಲೆಯಲ್ಲಿ ಸಣ್ಣ ಬಾಣದ ಗುರುತಾಗಿ ಇದೆ. ಬಾತುಕೋಳಿಗೆ ಅರ್ಧ ಪುಟ ಕೊಟ್ಟಿದ್ದಾರೆ.

ಇನ್ನು ಗಂಟಿಗೆ ಬರೋಣ.

ಮೇಲೇ ಇರುವುದು ಜೀನ್ಸ್ ಪ್ಯಾಂಟು. ಕಾಲಿನ ಅಂಚು ಮಡಿಸಿ ಹೊಲಿಯಬೇಕಿತ್ತು, ಅಷ್ಟೇ. ಮಡಿಸಿದ ಬಟ್ಟೆಯ ಮೇಲೆ ಮಷೀನ್ ಆರಾಮವಾಗಿ ಓಡುತ್ತದೆ. ಪಕ್ಕದ ಹೊಲಿಗೆಯ ಉಬ್ಬು ಬಂದ ಕೂಡಲೇ ಪಾದದ ಮೂತಿ ಮೇಲಾಗಿ ಹಿಂಭಾಗ ಕೆಳಗೆ ವಾಲುತ್ತದೆ. ಬಟ್ಟೆಯನ್ನು ಮುಂದೆ ಸಾಗಿಸುವ ಕೆಳಗಿನ ಹಲ್ಲುಗಳಿಗೆ ಹಿಡಿತ ಸಿಗುವುದಿಲ್ಲ. ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ಸೂಜಿ ಮುರಿಯುತ್ತದೆ. ಪಾದದ ಹಿಂಭಾಗದ ಕೆಳಗೆ ಅಷ್ಟೇ ದಪ್ಪದ ಬಟ್ಟೆ ಮಡಿಚಿ ಇಟ್ಟರೆ ಪಾದ ಸಮನಾಗಿ ನಿಂತು ಉಬ್ಬು ದಾಟುತ್ತದೆ. 90/14ರ ಬದಲು 100/16 ಜೀನ್ಸ್ ಸೂಜಿ ಹಾಕಬೇಕು. ಆ 100 ಅಂದರೆ ಸೂಜಿಯ ದಪ್ಪ, 1 ಮಿ.ಮೀ. ಇಷ್ಟು ಮಾಡಿದರೆ ಸೂಜಿ ಮುರಿಯುವುದು ನಿಲ್ಲುತ್ತದೆ. ಆದರೆ ಮೋಟಾರಿನ ಸಮಸ್ಯೆ ಉಳಿಯುತ್ತದೆ. ಪೆಡಲ್ ಮೆಲ್ಲಗೆ ಒತ್ತಿದರೆ ಅದು ಗುಂಯ್ ಎನ್ನುತ್ತದೆ, ಸೂಜಿ ಇಳಿಯುವುದಿಲ್ಲ. ಜೋರಾಗಿ ಒತ್ತಿದರೆ ಏಕ್‌ದಂ ಹಾರುತ್ತದೆ. ಉಬ್ಬು ದಾಟಬೇಕಾದದ್ದು ನಿಧಾನವಾಗಿ, ಅಲ್ವಾ? ಅಲ್ಲೇ ಇದಕ್ಕೆ ಶಕ್ತಿ ಇಲ್ಲ. ಆ ನಾಲ್ಕು ಹೊಲಿಗೆಯನ್ನು ಪಕ್ಕದ ಚಕ್ರ ಕೈಯಲ್ಲಿ ತಿರುಗಿಸಿಯೇ ಹಾಕಬೇಕು, ಅದೂ ಯಾವಾಗಲೂ ನಮ್ಮ ಕಡೆಗೆ ತಿರುಗಿಸಿ. ಒಂದು ಕಾಲು ಹಾಗೇ ಮುಗಿದಿದೆ. ಇನ್ನೊಂದು ಕಾಲು ಗಂಟಿನಲ್ಲಿದೆ. ಇದು ಮಷೀನಿನ ಲೆಕ್ಕಕ್ಕೆ.

ಅದರ ಕೆಳಗೆ ಟೀ ಶರ್ಟುಗಳು. ಎಳೆದರೆ ಹಿಗ್ಗುವ ಬಟ್ಟೆಗೆ ಸಾಮಾನ್ಯ ಸೂಜಿ ಆಗುವುದಿಲ್ಲ. ಸೂಜಿ ಮೇಲೇಳುವಾಗ ಬಟ್ಟೆಯೂ ಅದಕ್ಕೆ ಅಂಟಿಕೊಂಡು ಮೇಲೇಳುತ್ತದೆ, ಕುಣಿಕೆ ಸರಿಯಾಗಿ ಉಬ್ಬುವುದಿಲ್ಲ, ಕೊಕ್ಕೆಗೆ ದಾರ ಸಿಗದೆ ಹೊಲಿಗೆ ತಪ್ಪುತ್ತದೆ. ಸ್ಟ್ರೆಚ್ ಸೂಜಿ ಅಥವಾ ತುದಿ ಗುಂಡಗಿರುವ ಬಾಲ್ ಪಾಯಿಂಟ್ ಸೂಜಿ ಹಾಕಿದರೆ ಈ ಕಾಟ ಬಹುಪಾಲು ಹೋಗುತ್ತದೆ. ನೇರ ಹೊಲಿಗೆ ಹಾಕಿದರೆ ತಲೆ ತೂರಿಸುವಾಗ ದಾರ ಟಪ್ ಅಂತ ತುಂಡಾಗುತ್ತದೆ. ಕಿರಿದಾದ ಜಿಗ್‌ಜಾಗ್ ಹಾಕಿದರೆ ಹೊಲಿಗೆಯೂ ಬಟ್ಟೆಯ ಜೊತೆ ಹಿಗ್ಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಕೆಳ ಅಂಚು ಅಲೆಅಲೆಯಾಗಿ ನಿಂತಿದೆ. ಪಾದದ ಒತ್ತಡ ಜಾಸ್ತಿ, ಹೊಲಿಯುತ್ತಲೇ ಬಟ್ಟೆಯನ್ನು ಎಳೆದುಬಿಡುತ್ತದೆ. ಒತ್ತಡ ಕಡಿಮೆ ಮಾಡುವ ಡಯಲ್ ಕೆಲವು ಮಷೀನ್‌ಗಳಲ್ಲಿ ಇರುತ್ತದೆ. ಇದರಲ್ಲಿಲ್ಲ. ಕೊಳ್ಳುವಾಗ ಅಂಗಡಿಯವರು ಹೊಲಿಗೆಗಳ ಸಂಖ್ಯೆ ಹೇಳಿದರು, ಈ ಡಯಲ್ ಸುದ್ದಿ ಎತ್ತಲೇ ಇಲ್ಲ. ಬಟ್ಟೆಯ ಕೆಳಗೆ ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಬಹುದು. ಕೆಲಸ ಆಗುತ್ತದೆ, ತಾಳ್ಮೆ ಇದ್ದರೆ.

ಗಂಟಿನಲ್ಲಿ ಜಾಸ್ತಿ ಇರುವುದು ಶರ್ಟುಗಳು. ಎಲ್ಲವೂ ನಿಂತಿರುವುದು ಒಂದೇ ಕಡೆ: ಕಾಜಾ. ಕಾಲರ್ ಕೂತಿದೆ, ತೋಳು ಕೂತಿದೆ, ಇಸ್ತ್ರಿಯೂ ಆಗಿದೆ. ಗುಂಡಿ ಮಾತ್ರ ಇಲ್ಲ.

ನಾಲ್ಕು ಹಂತದ ಕಾಜಾ ಅಂದರೆ ಡಯಲನ್ನು ನಾವೇ ನಾಲ್ಕು ಸಲ ತಿರುಗಿಸಬೇಕು. ಒಂದು ಪಕ್ಕದ ಸಾಲು, ತುದಿಯ ಅಡ್ಡ ಹೊಲಿಗೆ, ಇನ್ನೊಂದು ಪಕ್ಕದ ಸಾಲು, ಮತ್ತೆ ಅಡ್ಡ ಹೊಲಿಗೆ. ಒಂದು ಸಾಲನ್ನು ಮಷೀನ್ ಮುಂದಕ್ಕೆ ಹೊಲಿಯುತ್ತದೆ, ಇನ್ನೊಂದನ್ನು ಹಿಂದಕ್ಕೆ. ಎರಡೂ ಕಡೆ ಬಟ್ಟೆ ಸಾಗುವ ವೇಗ ಒಂದೇ ಇರುವುದಿಲ್ಲ. ಹಾಗಾಗಿ ಒಂದು ಸಾಲು ಒತ್ತಾಗಿ, ಇನ್ನೊಂದು ಸಾಲು ಬಿಡಿಬಿಡಿಯಾಗಿ ಬೀಳುತ್ತದೆ. ಉದ್ದವನ್ನೂ ನಾವೇ ಕಣ್ಣಳತೆಯಲ್ಲಿ ನಿಲ್ಲಿಸಬೇಕು. ಒಂದು ಕಾಜಾ ಚೆನ್ನಾಗಿ ಬಂದರೆ ಸಾಲದು, ಶರ್ಟಿನ ಎದೆಯ ಮೇಲೆ ಏಳೂ ಒಂದೇ ಥರ ಕಾಣಬೇಕು. ಕಾಜಾ ಬರುವುದೂ ಕಟ್ಟಕಡೆಗೆ, ಎಲ್ಲ ಮುಗಿದ ಮೇಲೆ. ಒಂದು ಕಡೆ ಕೆಟ್ಟರೆ ಬಿಚ್ಚಿದ ತೂತಿನ ಗುರುತು ಎದೆಯ ಮೇಲೇ ಉಳಿಯುತ್ತದೆ. ಕೈ ಹಿಂಜರಿಯದೆ ಏನು ಮಾಡೀತು?

ಒಂದೇ ಹಂತದ ಕಾಜಾ ಇರುವ ಮಷೀನಿನಲ್ಲಿ ಉದ್ದನೆಯ ಪಾದದ ಹಿಂದೆ ಗುಂಡಿಯನ್ನೇ ಇಡುತ್ತಾರೆ. ಗುಂಡಿಯ ಅಳತೆಗೆ ಮಷೀನ್ ತಾನೇ ಹೋಗಿ ತಾನೇ ವಾಪಸ್ ಬರುತ್ತದೆ. ಏಳೂ ಒಂದೇ ಉದ್ದ. ಶರ್ಟು, ಫ್ರಾಕು ಹೊಲಿಯುವ ಆಸೆ ಇರುವವರಿಗೆ ಇದೊಂದೇ ಸಾಕು, ಉಳಿದ ಅಲಂಕಾರವೆಲ್ಲ ಸುಮ್ನೆ. ನಾನೀಗ ಕಾಜಾವನ್ನು ಟೈಲರ್ ಹತ್ತಿರ ಹಾಕಿಸುತ್ತೇನೆ. ಮನೆಯಲ್ಲಿ ಮಷೀನ್ ಇಟ್ಟುಕೊಂಡು ಹೀಗೆ ಹೋಗಲು ಸ್ವಲ್ಪ ಮುಜುಗರವೇ. ಅದಕ್ಕೇ ಶರ್ಟುಗಳು ಮೂರ್ನಾಲ್ಕು ಸೇರುವವರೆಗೆ ಕಾಯುತ್ತವೆ.

ತೀರಾ ಅಡಿಯಲ್ಲಿ ಒಂದು ಸ್ವೆಟರ್ ಇದೆ. ಒಂದೇ ತೋಳು, ಕಡ್ಡಿ ಅದರಲ್ಲೇ ಸಿಕ್ಕಿಕೊಂಡಿದೆ. ಇದಕ್ಕೂ ಮಷೀನಿಗೂ ಸಂಬಂಧವಿಲ್ಲ, ಆದರೂ ಇದನ್ನು ನೋಡಿದಾಗೆಲ್ಲ ಒಂದು ಯೋಚನೆ ಬರುತ್ತದೆ. ಹೆಣಿಗೆಯಲ್ಲಿ ಕೆಟ್ಟರೆ ಬಿಚ್ಚಬಹುದು, ಉಲ್ಲನ್ ಪೂರ್ತಿ ವಾಪಸ್ ಸಿಗುತ್ತದೆ. ಆದರೆ ತಿಂಗಳುಗಟ್ಟಲೆ ಬಿಟ್ಟು ಮತ್ತೆ ಹಿಡಿದರೆ ಕೈಯ ಬಿಗಿ ಬದಲಾಗಿರುತ್ತದೆ, ಅದೇ ಕಡ್ಡಿ ಅದೇ ಉಲ್ಲನ್ ಆದರೂ ಎರಡನೇ ತೋಳು ಮೊದಲಿನದಕ್ಕೆ ಜೋಡಿಯಾಗುವುದಿಲ್ಲ. ಅಡುಗೆಯಲ್ಲಿ ಅರ್ಧಕ್ಕೆ ನಿಂತದ್ದು ಅನ್ನುವುದೇ ಇಲ್ಲ. ಸೀದರೆ ಸೀಯಿತು, ಪಾತ್ರೆ ಉಜ್ಜಿದರೆ ಕಥೆ ಮುಗಿಯಿತು. ಹೊಲಿಗೆಯಲ್ಲಿ ಈ ಎರಡು ಸುಖವೂ ಇಲ್ಲ. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ, ಕೊಳೆತು ತಾನಾಗಿ ಹೋಗುವುದೂ ಇಲ್ಲ. ಬೀರುವಿನಲ್ಲಿ ಜಾಗ ಹಿಡಿದುಕೊಂಡು ಕೂತಿರುತ್ತದೆ. ಅದಕ್ಕೇ ಹೊಲಿಗೆ ಮಷೀನ್ ಮೇಲೆ ನಮಗೆ ಬರುವ ಸಿಟ್ಟು ಮಿಕ್ಸಿ ಮೇಲೆ ಬರುವುದಿಲ್ಲ.

ಮಷೀನಿನ ತಪ್ಪಲ್ಲದೆಯೂ ಬಟ್ಟೆ ಹಾಳಾಗುವುದುಂಟು, ಅದನ್ನೂ ಹೇಳಬೇಕು. ಹತ್ತಿ ಬಟ್ಟೆಯನ್ನು ತೊಳೆಯದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ನೂಲಿನ ನೇರಕ್ಕೆ ಇಡದೆ ಕತ್ತರಿಸಿದ ಪೈಜಾಮದ ಕಾಲು ಒಗೆದ ಮೇಲೆ ತಿರುಚಿಕೊಳ್ಳುತ್ತದೆ. ಇಂಥದಕ್ಕೆ ನಕ್ಷತ್ರ ಕಡಿಮೆ ಮಾಡುವುದು ನ್ಯಾಯವಲ್ಲ.

ಬಾಳಿಕೆ ಮಾತ್ರ ನಿಜಕ್ಕೂ ಚೆನ್ನಾಗಿದೆ. ಬಾಬಿನ್ ಕೇಸ್ ತೆಗೆದು ಒಳಗಿನ ಹತ್ತಿಯಂಥ ಕಸವನ್ನು ಬ್ರಷ್‌ನಲ್ಲಿ ತೆಗೆದು, ಕೊಕ್ಕೆ ತಿರುಗುವ ಜಾಗಕ್ಕೆ ಒಂದು ತೊಟ್ಟು ಮಷೀನ್ ಎಣ್ಣೆ ಬಿಟ್ಟರೆ ಸದ್ದೇ ಬದಲಾಗುತ್ತದೆ. ಅಡುಗೆ ಎಣ್ಣೆ ಬೇಡವೇ ಬೇಡ, ಕೆಲವು ದಿನಕ್ಕೆ ಅಂಟಂಟಾಗಿ ಒಳಗೆಲ್ಲ ಕಚ್ಚಿಕೊಳ್ಳುತ್ತದೆ. ಸೂಜಿಯನ್ನು 8 ಗಂಟೆ ಹೊಲಿದ ಮೇಲೆ ಬದಲಾಯಿಸಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮಲ್ಲಿ ಬಹಳ ಜನ ಮುರಿಯುವವರೆಗೆ ಬದಲಾಯಿಸುವುದಿಲ್ಲ. ಟಕ್ ಟಕ್ ಅಂತ ಬಟ್ಟೆಯನ್ನು ಗುದ್ದುವ ಸದ್ದು ಬಂದರೆ ಸೂಜಿ ಮೊಂಡಾಗಿದೆ ಅಂತಲೇ ಅರ್ಥ. ಹೊಸ ಸೂಜಿಯ ಚಪ್ಪಟೆ ಬದಿ ಇದರಲ್ಲಿ ಹಿಂದಕ್ಕೆ ಬರಬೇಕು. ಒಮ್ಮೆ ಗುಂಡುಪಿನ್ನಿನ ಮೇಲೆ ಸೂಜಿ ಬಿದ್ದು ಕೊಕ್ಕೆಯ ಟೈಮಿಂಗ್, ಅಂದರೆ ಸೂಜಿಯ ಜೊತೆಗಿನ ಅದರ ಹೊಂದಾಣಿಕೆ, ತಪ್ಪಿತ್ತು, ರಿಪೇರಿಯವರು ಸರಿ ಮಾಡಿಕೊಟ್ಟರು. ಅದು ಬಿಟ್ಟರೆ ದೊಡ್ಡ ಖರ್ಚು ತಂದಿಲ್ಲ. ಮುಂದಿನಿಂದ ಹಾಕುವ ಬಾಬಿನ್ ಆದ್ದರಿಂದ ದಾರ ಮುಗಿದದ್ದು ಕಾಣುವುದಿಲ್ಲ, ಒಂದು ಮೊಳ ಬರೀ ತೂತು ಹೊಡೆದ ಮೇಲೆ ತಿಳಿಯುತ್ತದೆ. ಮೇಲಿನಿಂದ ಹಾಕುವ ಬಾಬಿನ್‌ಗೆ ಪಾರದರ್ಶಕ ಮುಚ್ಚಳ ಇರುತ್ತದೆ, ಅದು ಎಷ್ಟೋ ವಾಸಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಪರದೆ, ಚೀಲ, ಹರಿದದ್ದಕ್ಕೆ ತೇಪೆ, ಇಷ್ಟೇ ಸಾಕೆನ್ನುವವರು ನಾಲ್ಕೂವರೆ ಅಂತ ಓದಿಕೊಳ್ಳಿ. ಬಟ್ಟೆ ಹೊಲಿದು ಹಾಕಿಕೊಳ್ಳುವ ಆಸೆ ಇರುವವರು ಅಂಗಡಿಗೆ ಹೋಗುವಾಗ ಹಳೆ ಜೀನ್ಸಿನ ಕಾಲು ಒಂದು, ಹಳೆ ಟೀ ಶರ್ಟ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವರ ಗರಿಗರಿ ಹತ್ತಿ ತುಂಡಿನ ಮೇಲೆ ಎಲ್ಲ ಮಷೀನೂ ಜಾಣ. ಜೀನ್ಸಿನ ಉಬ್ಬನ್ನು ನಿಧಾನಕ್ಕೆ ದಾಟಿಸಿ ಅನ್ನಿ. ಟೀ ಶರ್ಟಿನ ಅಂಚು ಹೊಲಿಸಿ ಅಲೆ ಏಳುತ್ತದೆಯೇ ನೋಡಿ. ಕಾಜಾವನ್ನು ಒಂದರ ಪಕ್ಕ ಒಂದು, ಎರಡು ಹಾಕಿಸಿ. ಒಂದೇ ಹಾಕಿ ತೋರಿಸಿದರೆ ಒಪ್ಪಬೇಡಿ.