ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ: ವರ್ಷಗಟ್ಟಲೆ ಓಡಿಸಿದ ಮೇಲೆ, ಎಫ್‌ಸಿ ಮಾಡಿಸಿದ ಮೇಲೆ

ಸ್ಕೋಡಾದ ಹಳೇ ಆಕ್ಟೇವಿಯಾ ಆರ್‌ಎಸ್ ಕಾರಿನ ಮೇಲೆ ಕಣ್ಣಿಟ್ಟವರೆಲ್ಲ ಕೇಳೋದು ಒಂದೇ ಮಾತು, ನಂಬಬಹುದಾ ಅಂತ. ನಂಬಬಹುದು. ಇದರ ಇಂಜಿನ್ ಗಟ್ಟಿ, ಗೇರ್‌ಬಾಕ್ಸೂ ಗಟ್ಟಿ. ಇಷ್ಟು ವಯಸ್ಸಾದ ಮೇಲೆ ಕೈಕೊಡುವುದು ಸುತ್ತಲಿನ ರಬ್ಬರ್ ಮತ್ತು ಪ್ಲಾಸ್ಟಿಕ್. ಅವನ್ನು ಹಾಳಾಗುವ ಮೊದಲೇ ಬದಲಿಸುವ ತಾಳ್ಮೆ ಇದ್ದವರಿಗೆ ಮಾತ್ರ ಈ ಕಾರು.

ನಮ್ಮ ದೇಶಕ್ಕೆ ಇದು ಬಂದಿದ್ದು 2004ರಲ್ಲಿ. ಆಗ ಟರ್ಬೊ ಪೆಟ್ರೋಲ್ ಕಾರು ಅಂದರೆ ತೀರಾ ಅಪರೂಪ. 150 ಎಚ್‌ಪಿ ಅಂದರೆ ಇವತ್ತಿಗೆ ದೊಡ್ಡ ಅಂಕಿ ಅನ್ನಿಸಲ್ಲ. ಆದರೆ 1750 ಆರ್‌ಪಿಎಂನಿಂದಲೇ 210 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಸಿಗುತ್ತದೆ. ಚಾರ್ಮಾಡಿ ಹತ್ತುವಾಗ ಮೂರನೇ ಗೇರ್‌ನಲ್ಲಿ ಕಾಲು ಸ್ವಲ್ಪ ಒತ್ತಿದರೆ ಸಾಕು, ಮುಂದಿನ ಲಾರಿ ಹಿಂದೆ ಹೋಗಿರುತ್ತದೆ. ಆ ಸುಖಕ್ಕೇ ಇದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಮೈಲೇಜ್ ಬೆಂಗಳೂರಿನೊಳಗೆ 9ರ ಆಸುಪಾಸು, ಹೈವೇಯಲ್ಲಿ 12–13.

ಮೊದಲು ನೋಡಬೇಕಾದ್ದು ವ್ಯಾಕ್ಯೂಮ್ ಪೈಪುಗಳು, ಅಂದರೆ ಇಂಜಿನ್ ಸುತ್ತಲಿನ ಸಣ್ಣ ರಬ್ಬರ್ ಗಾಳಿ ಕೊಳವೆಗಳು. ಇಂಜಿನ್‌ಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಕೆಳಗೆ ಕೈ ತೂರಿಸಿ ಅಲ್ಲಿನ ಸಣ್ಣ ಪೈಪನ್ನು ಬೆರಳಲ್ಲಿ ಅದುಮಿ. ಮೆತ್ತಗೆ ಒಳಗೆ ಹೋಗಿ ವಾಪಸ್ ಬಂದರೆ ಸರಿ. ಬೆರಳಿಗೆ ಕರಿ ಜಿಡ್ಡು ಅಂಟಿದರೆ, ಇಲ್ಲವೇ ಕಟಕ್ ಅಂತ ಸದ್ದು ಬಂದರೆ, ಅದರ ಆಯಸ್ಸು ಮುಗಿದಿದೆ ಅಂತ ಅರ್ಥ. ಪೈಪು ಸೀಳಿದಾಗ ಐಡ್ಲಿಂಗ್ ಏರಿಳಿಯುತ್ತದೆ, ಟರ್ಬೊ ಎಳೆಯುವುದಿಲ್ಲ, ಚೆಕ್ ಇಂಜಿನ್ ಲೈಟ್ ಹತ್ತುತ್ತದೆ. ಎಷ್ಟೋ ಜನ ಅದನ್ನು ನೋಡಿ ಏರ್‌ಫ್ಲೋ ಸೆನ್ಸರ್ ಬದಲಿಸುತ್ತಾರೆ, ಕೆಲವರು ಟರ್ಬೊನೇ ಬದಲಿಸುತ್ತಾರೆ. ದುಡ್ಡು ಸುಮ್ನೆ ಹೋಗುತ್ತದೆ. ಪೈಪುಗಳೊಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡುವ ಗ್ಯಾರೇಜ್ ಹುಡುಕಿ. ಹೊಗೆ ಎಲ್ಲಿಂದ ಬರುತ್ತದೋ ಅಲ್ಲೇ ತೂತು. ಟರ್ಬೊದ ಹೆಚ್ಚುವರಿ ಒತ್ತಡ ಬಿಡುವ ಡೈವರ್ಟರ್ ವಾಲ್ವ್‌ನ ಒಳಪೊರೆ ಹರಿದಿದ್ದರೂ ಇದೇ ಲಕ್ಷಣ.

ವಾಲ್ವ್ ಮತ್ತು ಪಿಸ್ಟನ್‌ಗಳ ಓಟ ಹೊಂದಿಸುವ ಟೈಮಿಂಗ್ ಬೆಲ್ಟ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಸಿಲಿಂಡರ್‌ಗೆ ಐದರಂತೆ 20 ವಾಲ್ವ್ ಇರುವ ಇಂಜಿನ್ ಇದು. ಬೆಲ್ಟ್ ಕಿತ್ತರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತದೆ. ಹಳೇ ಗಾಡಿಯಲ್ಲಿ ಕಿಲೋಮೀಟರ್ ಕಮ್ಮಿ ಓಡಿದ್ದರೂ ಐದು ವರ್ಷಕ್ಕೊಮ್ಮೆ ಬದಲಿಸುವುದೇ ಒಳ್ಳೆಯದು. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟ್‌ನಿಂದ, ಹಾಗಾಗಿ ಎರಡನ್ನೂ ಒಟ್ಟಿಗೇ ಮಾಡಿಸಿ. ಪಂಪ್‌ನೊಳಗಿನ ಚಕ್ರ ಪ್ಲಾಸ್ಟಿಕ್ಕಿನದಾಗಿದ್ದರೆ ಲೋಹದ್ದು ಹಾಕಿಸಿ. ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಈ ಇಂಜಿನ್‌ನ ಹೆಸರಾಂತ ಕಾಯಿಲೆ, ಒಂದು ಸ್ಪೇರ್ ಡಿಕ್ಕಿಯಲ್ಲಿರಲಿ. ಒಳ್ಳೇ ಫುಲ್ ಸಿಂಥೆಟಿಕ್ 5ಡಬ್ಲ್ಯು-40 ಆಯಿಲ್ ಹಾಕಿ, ಬೇಗ ಬೇಗ ಬದಲಿಸಿ. ಇಂಜಿನ್ ತಳದ ಆಯಿಲ್ ಚೇಂಬರ್‌ನೊಳಗಿನ ಜಾಲರಿಗೆ ಗಸಿ ಕಟ್ಟಿದರೆ ಮೊದಲ ಪೆಟ್ಟು ಟರ್ಬೊಗೆ.

ಇನ್ನು ಎಫ್‌ಸಿ, ಅಂದರೆ ಆರ್‌ಟಿಒ ತಪಾಸಣೆ. ಖಾಸಗಿ ಕಾರಿನ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಫಾರಂ 25ರಲ್ಲಿ ಅರ್ಜಿ ಹಾಕಿ, ಹಸಿರು ತೆರಿಗೆ ಕಟ್ಟಿ, ಗಾಡಿ ತೋರಿಸಿದರೆ ಇನ್ನೈದು ವರ್ಷ. 2022ರ ಏಪ್ರಿಲ್‌ನಲ್ಲಿ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಚೆನ್ನಾಗಿ ನೋಡಿಕೊಂಡ ಗಾಡಿಗೂ ಅಷ್ಟೇ, ಹೊಗೆ ಕಾರುವ ಗಾಡಿಗೂ ಅಷ್ಟೇ. ಇದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ತಪಾಸಣೆಯಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಸಣ್ಣಪುಟ್ಟ ವಿಷಯ. ಹಳದಿಗಟ್ಟಿದ ಹೆಡ್‌ಲೈಟ್, ಉರಿಯದ ನಂಬರ್ ಪ್ಲೇಟ್ ಬಲ್ಬು, ಕಪ್ಪು ಫಿಲ್ಮ್, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ಅಲ್ಲದ ನಂಬರ್ ಪ್ಲೇಟ್, ಆರ್‌ಸಿಯಲ್ಲಿ ಒಂದು ಬಣ್ಣ, ಮೈಮೇಲೆ ಇನ್ನೊಂದು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕಲ್ವಾ, ಅದಕ್ಕೆ ಮೊದಲೇ ತಯಾರಾಗಿ. ಈ ಕಾರಿನಲ್ಲಿ ಆ ನಂಬರ್ ಇರುವುದು ಬಾನೆಟ್ ಒಳಗೆ. ಬಾನೆಟ್ ತೆಗೆದಾಗ ಇಂಜಿನ್ ಹಿಂದೆ, ವೈಪರ್ ಹತ್ತಿರವೂ ಒಮ್ಮೆ ನೋಡಿ. ಮರದ ಕೆಳಗೆ ನಿಲ್ಲಿಸುವ ಗಾಡಿಯಾದರೆ ಅಲ್ಲೆಲ್ಲ ಎಲೆ ಕೊಳೆತು ಮಣ್ಣಾಗಿರುತ್ತದೆ. ಅದನ್ನು ಕೈಯಲ್ಲೇ ಬಾಚಿ ತೆಗೆದು, ನೀರು ಹೋಗುವ ತೂತಿಗೆ ತಂತಿ ಆಡಿಸಿ, ಒಂದು ಚೊಂಬು ನೀರು ಹೊಯ್ದು ನೋಡಿ. ನೀರು ನೆಲಕ್ಕೆ ಬೀಳಬೇಕು. ಬೀಳದಿದ್ದರೆ ಮಳೆಗಾಲದಲ್ಲಿ ಅದು ಹುಡುಕಿಕೊಂಡು ಹೋಗುವುದು ಒಳಗಿನ ಕಾರ್ಪೆಟ್ಟಿಗೆ.

ಆರ್‌ಟಿಒದಲ್ಲಿ ಗಾಡಿಯನ್ನು ರ‍್ಯಾಂಪ್ ಮೇಲೆ ಏರಿಸುವುದಿಲ್ಲ. ಆ ಕೆಲಸ ನಿಮ್ಮದೇ. ಮುಂದಿನ ಚಕ್ರ ಹಿಡಿದಿರುವ ಲೋವರ್ ಆರ್ಮ್‌ನ ಹಿಂದಿನ ರಬ್ಬರ್ ಬುಶ್ ಬಿರುಕು ಬಿಟ್ಟಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ಎಳೆಯುವುದಕ್ಕೆ ಹೆಚ್ಚಾಗಿ ಅದೇ ಕಾರಣ. ಹಂಪ್ ಮೇಲೆ ಟಕ್ ಟಕ್ ಅಂದರೆ ಲಿಂಕ್ ರಾಡ್. ಇಂಜಿನ್ ಪಕ್ಕದಲ್ಲಿ ಕೂಲಂಟ್ ಪೈಪು ಸೇರುವ ಪ್ಲಾಸ್ಟಿಕ್ ಫ್ಲಾಂಜ್ ಸುತ್ತ ಗುಲಾಬಿ ಬಣ್ಣದ ಪುಡಿ ಕಂಡರೆ ಕೂಲಂಟ್ ಒಸರುತ್ತಿದೆ ಅಂತ. ಇದರ ಎಷ್ಟೋ ಭಾಗ ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನವೇ. ಹಾಗಾಗಿ ಪಾರ್ಟ್ ನಂಬರ್ ಬರೆದುಕೊಂಡು ಬೆಂಗಳೂರಿನ ಬಿಡಿಭಾಗಗಳ ಬೀದಿ ಜೆ.ಸಿ. ರಸ್ತೆಗೆ ಹೋಗಿ, ಮಾಡೆಲ್ ಹೆಸರು ಹೇಳಿಕೊಂಡಲ್ಲ.

ಎಮಿಷನ್ ಪರೀಕ್ಷೆಗೆ ತಣ್ಣನೆಯ ಗಾಡಿ ಒಯ್ಯಬೇಡಿ. ಬಿಎಸ್-3 (ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡ) ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೋನಾಕ್ಸೈಡ್ ಮಿತಿ 0.5%. ಒಂದಷ್ಟು ದೂರ ಓಡಿಸಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾದ ಮೇಲೆ ನಿಲ್ಲಿಸಿದರೆ ಆರೋಗ್ಯವಾಗಿರುವ ಇಂಜಿನ್ ಅದರೊಳಗೇ ಇರುತ್ತದೆ. ಮಾರುಕಟ್ಟೆಯಲ್ಲಿರುವ ಆರ್‌ಎಸ್‌ಗಳಲ್ಲಿ ಎಷ್ಟೋ ಗಾಡಿಗಳ ಕನ್ವರ್ಟರನ್ನು ಯಾರೋ ಕಿತ್ತಿರುತ್ತಾರೆ, ಸದ್ದಿನ ಸೈಲೆನ್ಸರ್ ಹಾಕಿರುತ್ತಾರೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿಯ ಮೂಲ ವಿವರ ಬದಲಿಸುವಂತಿಲ್ಲ. ಕೊಳ್ಳುವಾಗ ಮಾರುವವರನ್ನು ಒಂದು ಮಾತು ಕೇಳಿ: ಕಿತ್ತ ಮೂಲ ಭಾಗಗಳೆಲ್ಲ ಇನ್ನೂ ಮನೆಯಲ್ಲಿವೆಯಾ? ಇಲ್ಲ ಅಂದರೆ ಆ ಗಾಡಿ ಬಿಟ್ಟು ಇನ್ನೊಂದು ನೋಡಿ.