ಮಲೆನಾಡಿನ ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಮತ್ತು ಬೈಪ್ಯಾಪ್: ದೀರ್ಘ ಬಳಕೆಯ ನಂತರದ ವಿಮರ್ಶೆ

ದಶಕಗಳ ಕಾಲ ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿದ ನನ್ನ ತಾಯಿಗೆ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇದೆ. ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಕೂಡ ಇದೆ. ಹಾಗಾಗಿ ಸಾಗರ ಪಟ್ಟಣದ ಸಮೀಪದ ನಮ್ಮ ಮನೆಯಲ್ಲಿ ನಿಮಿಷಕ್ಕೆ ಐದು ಲೀಟರಿನವರೆಗೆ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಮತ್ತು ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಊದಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಕೆಲವು ವರ್ಷಗಳಿಂದ ಬಳಕೆಯಲ್ಲಿವೆ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಒಳ್ಳೆಯ ಯಂತ್ರಗಳೇ. ಆದರೆ ರಾತ್ರಿ ಎರಡನ್ನೂ ಒಂದೇ ಕೊಳವೆಗೆ ಸೇರಿಸಿ ಬಳಸುವಾಗ ಪಾಲಿಸಬೇಕಾದ ಕ್ರಮವನ್ನು ನಮಗೆ ಯಾವ ಮಾರಾಟಗಾರರೂ ಹೇಳಿಕೊಡಲಿಲ್ಲ ಎಂಬುದು ನನ್ನ ಮುಖ್ಯ ತಕರಾರು. ಒಂದನ್ನು ತಂದುಕೊಟ್ಟವರು ಇನ್ನೊಂದರ ಮಾತೆತ್ತಲಿಲ್ಲ.

ಆ ಕ್ರಮ ಹೀಗಿದೆ: ಮೊದಲು ಬೈಪ್ಯಾಪ್ ಚಾಲೂ ಮಾಡಿ, ಅದರಿಂದ ಗಾಳಿ ಹರಿಯತೊಡಗಿದ ಮೇಲೆಯೇ ಆಕ್ಸಿಜನ್ ತೆರೆಯಬೇಕು, ನಿಲ್ಲಿಸುವಾಗ ಮೊದಲು ಆಕ್ಸಿಜನ್, ಆಮೇಲೆ ಬೈಪ್ಯಾಪ್. ಇದು ತಿರುವುಮುರುವಾದರೆ ನಿಂತಿರುವ ಬೈಪ್ಯಾಪಿನ ಒಡಲಿನಲ್ಲಿ ಆಕ್ಸಿಜನ್ ಶೇಖರಗೊಂಡು, ಅಲ್ಲಿರುವ ವಿದ್ಯುತ್ ಭಾಗಗಳ ನಡುವೆ ಬೆಂಕಿಯ ಅಪಾಯ ಉಂಟಾಗುತ್ತದೆ. ನಡುರಾತ್ರಿ ಬಚ್ಚಲಿಗೆ ಏಳುವಾಗ ನಿದ್ದೆಗಣ್ಣಿನಲ್ಲಿ ಕೈಗೆ ಮೊದಲು ಸಿಗುವುದು ಬೈಪ್ಯಾಪಿನ ಗುಂಡಿಯೇ ಆದ್ದರಿಂದ, ಈ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಯಂತ್ರದ ಮೇಲೆಯೇ ಅಂಟಿಸಿದ್ದೇವೆ. ಸಿಲಿಂಡರಿನಿಂದ ಆಕ್ಸಿಜನ್ ಕೊಡುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಕರೆಂಟು ಹೋದಾಗ ಬೈಪ್ಯಾಪ್ ನಿಂತರೂ ಸಿಲಿಂಡರ್ ತನ್ನ ಪಾಡಿಗೆ ಹರಿಯುತ್ತಲೇ ಇರುತ್ತದೆ. ಹಾಗೆ ಹಿಂದಕ್ಕೆ ನುಗ್ಗುವುದನ್ನು ತಡೆಯುವ ಪ್ರೆಶರ್ ವಾಲ್ವ್ ಒಂದನ್ನು ಬೈಪ್ಯಾಪಿನ ಗಾಳಿ ಹೊರಬರುವ ಬಾಯಿಗೆ ಜೋಡಿಸಬಹುದು. ನಿಮ್ಮ ಯಂತ್ರಕ್ಕೆ ಯಾವುದು ಹೊಂದುತ್ತದೆಂದು ಕೇಳಿ ತರಿಸಿಕೊಳ್ಳಿ.

ಹರಿವಿನ ಪ್ರಮಾಣವನ್ನು ಮನೆಯವರು ತಾವಾಗಿ ಏರಿಸಬಾರದು. ಸಿಒಪಿಡಿ ಇರುವವರಲ್ಲಿ ಸಾಮಾನ್ಯವಾಗಿ 88ರಿಂದ 92 ಶೇಕಡಾ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಸಾಕೆಂದು ವೈದ್ಯರು ಹೇಳುತ್ತಾರೆ. ಅದಕ್ಕಿಂತ ಮೇಲೇರಿಸಲು ಹೋದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ರೋಗಿ ಮಂಪರಿಗೆ ಜಾರಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ಡೈಆಕ್ಸೈಡನ್ನು ತೋರಿಸುವುದಿಲ್ಲ. ನೋಡಲು ಬಂದ ನೆಂಟರು 90 ಎಂಬ ಅಂಕಿ ಕಂಡು ಗಾಬರಿಯಾಗಿ ಗುಂಡಿ ತಿರುಗಿಸಲು ಹೊರಟಾಗಲೆಲ್ಲ ಇದನ್ನು ವಿವರಿಸಬೇಕಾಗುತ್ತದೆ.

ಕಾನ್ಸಂಟ್ರೇಟರ್ ಆಕ್ಸಿಜನ್ ತಯಾರಿಸುವುದಿಲ್ಲ. ಕೋಣೆಯ ಗಾಳಿಯನ್ನು ಒತ್ತಡದಲ್ಲಿ ಜಿಯೋಲೈಟ್ ಹರಳುಗಳ ಮೂಲಕ ಹಾಯಿಸಿ ನೈಟ್ರೋಜನ್ನನ್ನು ಹಿಡಿದಿಟ್ಟುಕೊಂಡು, 93 ಶೇಕಡಾ ಆಸುಪಾಸಿನ ಆಕ್ಸಿಜನ್ನನ್ನು ಹೊರಬಿಡುತ್ತದೆ. ಜಿಯೋಲೈಟಿಗೆ ತೇವವೇ ಶತ್ರು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕೊಂಡು, ಆಮೇಲೆ ಅಟ್ಟ ಸೇರಿದ ಯಂತ್ರಗಳನ್ನು ಈಗ ಅಗ್ಗವಾಗಿ ಮಾರುವವರಿದ್ದಾರೆ. ಮಲೆನಾಡಿನ ಮಳೆಗಾಲಗಳನ್ನು ಸುಮ್ಮನೆ ಕುಳಿತು ಕಳೆದ ಯಂತ್ರ ಗಾಳಿ ಊದುತ್ತದೆ, ಹಸಿರು ದೀಪವೂ ಉರಿಯಬಹುದು, ಆದರೆ ಆಕ್ಸಿಜನ್ ಎಷ್ಟು ಶೇಕಡಾ ಇದೆಯೆಂದು ಅನಲೈಸರಿನಲ್ಲಿ ಅಳೆಸದೆ ಅದನ್ನು ನಂಬುವಂತಿಲ್ಲ. ಅದೇ ಕಾಲದಲ್ಲಿ ‘1ರಿಂದ 7 ಲೀಟರ್’ ಎಂದು ಮಾರಾಟವಾದ ಪುಟ್ಟ ಯಂತ್ರಗಳನ್ನಂತೂ ನಾನು ಯಾರಿಗೂ ಸೂಚಿಸಲಾರೆ; ಹರಿವು ಏರಿಸಿದಷ್ಟೂ ಅವುಗಳಲ್ಲಿ ಆಕ್ಸಿಜನ್ನಿನ ಪಾಲು ಕುಸಿಯುತ್ತದೆ.

ಬೆಂಕಿಯ ವಿಷಯದಲ್ಲಿ ಯಂತ್ರದ ಕೈಪಿಡಿ ಸಿಗರೇಟಿನ ಬಗ್ಗೆ ಹೇಳಿ ಸುಮ್ಮನಾಗುತ್ತದೆ, ಆದರೆ ನಮ್ಮ ಮನೆಗಳ ಬೆಂಕಿಗಳೇ ಬೇರೆ: ದೇವರ ಕೋಣೆಯ ದೀಪ, ಊದುಬತ್ತಿ, ಸೊಳ್ಳೆಬತ್ತಿ, ಬಚ್ಚಲೊಲೆ. ಆಕ್ಸಿಜನ್ ತಾನು ಉರಿಯದಿದ್ದರೂ ಉರಿಯುವುದನ್ನೆಲ್ಲ ಭಗ್ಗೆನ್ನಿಸುತ್ತದೆ. ಸೀರೆಯ ಸೆರಗು, ಹೊದಿಕೆ, ಕೂದಲುಗಳಲ್ಲಿ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ ಕೂಡ. ಆದ್ದರಿಂದ ಮೂಗಿನ ಕೊಳವೆ ತೆಗೆದ ಕೂಡಲೇ ದೀಪ ಹಚ್ಚಲು ಹೋಗದೆ, ಸುಮಾರು 20 ನಿಮಿಷ ಗಾಳಿಯಾಡುವಲ್ಲಿ ಕುಳಿತಿರುವುದು ಒಳ್ಳೆಯದು. ಉರಿಗೂ ಆಕ್ಸಿಜನ್ನಿಗೂ ಕನಿಷ್ಠ ಮೂರು ಮೀಟರ್ ಅಂತರ ಇಟ್ಟುಕೊಂಡಿದ್ದೇವೆ. ಒಣಗಿದ ಮೂಗಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್, ಮೆಂಥಾಲ್ ಮುಲಾಮು ಸವರುವ ಅಭ್ಯಾಸವನ್ನು ತಾಯಿ ಬಿಡಬೇಕಾಯಿತು. ಈಗ ನೀರು ಆಧಾರಿತ ಜೆಲ್ ಬಳಸುತ್ತಾರೆ. ಸಿಲಿಂಡರಿನ ರೆಗ್ಯುಲೇಟರನ್ನು ಎಣ್ಣೆಗೈಯಿಂದ ಮುಟ್ಟುವುದಂತೂ ನಿಷಿದ್ಧ.

ಬೈಪ್ಯಾಪಿನ ಮಾಸ್ಕಿನಲ್ಲಿ ಸುಯ್ಯೆನ್ನುವ ಸಣ್ಣ ರಂಧ್ರಗಳು ಸೋರಿಕೆಯಲ್ಲ. ನಿಶ್ವಾಸ ಹೊರಹೋಗುವ ದಾರಿ ಅದು, ಹೊದಿಕೆಯಿಂದಲೂ ಮುಚ್ಚಬಾರದು. ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಿ, ದಿನವೂ ಬದಲಿಸುತ್ತೇವೆ. ಆಯಸ್ಕಾಂತದ ಕ್ಲಿಪ್ ಇರುವ ಮಾಸ್ಕ್ ಕೊಳ್ಳುವ ಮುನ್ನ, ಬಳಸುವವರಿಗಾಗಲಿ ಅವರ ಪಕ್ಕದಲ್ಲಿ ಮಲಗುವವರಿಗಾಗಲಿ ಪೇಸ್‌ಮೇಕರ್ ಇದೆಯೇ ಎಂದು ನೋಡಬೇಕು. ಹಳೆಯ ಯಂತ್ರ ಕೊಳ್ಳುವವರು, ಒಳಗಿನ ಫೋಮ್ ಕ್ಷಯಿಸುವ ದೋಷಕ್ಕಾಗಿ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ವಾಪಸು ಕರೆದ ಮಾದರಿಗಳ ಪಟ್ಟಿಯನ್ನು ಪರಿಶೀಲಿಸುವುದು ಕ್ಷೇಮ.

ಇನ್ನು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ದಿನಗಟ್ಟಲೆ ಕತ್ತಲೆ. ಸುಮಾರು 350 ವ್ಯಾಟ್ ಎಳೆಯುವ ಕಾನ್ಸಂಟ್ರೇಟರನ್ನು 150 ಎಎಚ್ ಬ್ಯಾಟರಿಯ ಇನ್ವರ್ಟರ್ ಮೂರು ಗಂಟೆ ಓಡಿಸಿದರೆ ಹೆಚ್ಚು. ಹ್ಯೂಮಿಡಿಫೈಯರಿನ ಹೀಟರ್ ಆರಿಸಿದ ಬೈಪ್ಯಾಪನ್ನು ಮಾತ್ರ ರಾತ್ರಿಯಿಡೀ ನಡೆಸಬಲ್ಲದು. ಹಾಗಾಗಿ ಇನ್ವರ್ಟರನ್ನು ಬೈಪ್ಯಾಪಿಗೆ ಮೀಸಲಿಟ್ಟು, ಆಕ್ಸಿಜನ್ನಿಗೆ ಬಿ ಟೈಪ್ ಸಿಲಿಂಡರ್ ಇಟ್ಟುಕೊಂಡಿದ್ದೇವೆ. ಅದರಲ್ಲಿರುವ ಸುಮಾರು 1500 ಲೀಟರ್, ನಿಮಿಷಕ್ಕೆ ಎರಡು ಲೀಟರಿನಂತೆ 12 ಗಂಟೆ ಬರುತ್ತದೆ. ಎರಡು ದಿನ ಕರೆಂಟಿಲ್ಲದ ಊರಿನವರಿಗೆ ಒಂದು ಸಿಲಿಂಡರ್ ಸಾಲದು. ಮಳೆ ಹಿಡಿಯುವ ಮೊದಲೇ ಇನ್ನೊಂದನ್ನು ತುಂಬಿಸಿ, ಗೋಡೆಗೆ ಸರಪಳಿಯಿಂದ ನೆಟ್ಟಗೆ ಬಿಗಿದು ಇಡಬೇಕು. ಇಷ್ಟಕ್ಕೆ ವ್ಯವಸ್ಥೆಯಿಲ್ಲದವರು ಯಂತ್ರಗಳನ್ನು ಕೊಳ್ಳುವ ಬದಲು ಮೊದಲ ಕೆಲವು ತಿಂಗಳು ಬಾಡಿಗೆಗೆ ತಂದು ನೋಡುವುದೇ ಸರಿ.