ಎಸ್‌ಬಿಎಂಎಲ್ ಅಥವಾ ಸೆಲ್‌ಎಂಎಲ್: ಬಿಡಿಭಾಗ ಜೋಡಿಸಿ ಜೀವಕೋಶದ ಮಾಡೆಲ್ ಕಟ್ಟಲು ಯಾವುದು?

ಎರಡೂ ಜೀವಕೋಶದ ಗಣಿತ ಮಾಡೆಲನ್ನು ಕಂಪ್ಯೂಟರಿಗೆ ಬರೆದುಕೊಡುವ ಭಾಷೆಗಳು. ನಿಮ್ಮ ಮಾಡೆಲಿನಲ್ಲಿ ಹೆಚ್ಚಾಗಿ ಇರುವುದು ರಾಸಾಯನಿಕ ಕ್ರಿಯೆಗಳೋ, ಸಮೀಕರಣಗಳೋ? ಮೊದಲು ಇದನ್ನು ನೋಡಿಕೊಳ್ಳಿ.

ಎಸ್‌ಬಿಎಂಎಲ್‌ನಲ್ಲಿ ಅಣುಗಳನ್ನೂ ಕ್ರಿಯೆಗಳನ್ನೂ ಬರೆಯುತ್ತೀರಿ. ಸಮೀಕರಣವನ್ನು ಸಾಫ್ಟ್‌ವೇರ್ ಕಟ್ಟುತ್ತದೆ. ಸೆಲ್‌ಎಂಎಲ್‌ನಲ್ಲಿ ಸಮೀಕರಣವನ್ನು ನೀವೇ ಬರೆಯಬೇಕು.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಭಾಗಗಳನ್ನು ಜೋಡಿಸುವಾಗ ನಿಜವಾದ ತೊಂದರೆ ಇಲ್ಲೇ ಬರುತ್ತದೆ. ಒಂದು ಭಾಗ ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ತಯಾರಿಸುತ್ತದೆ, ಇನ್ನೊಂದು ಅದನ್ನು ಖರ್ಚು ಮಾಡುತ್ತದೆ ಅಂದುಕೊಳ್ಳಿ. ಎಸ್‌ಬಿಎಂಎಲ್‌ನಲ್ಲಿ ಎರಡೂ ಕಡೆಯ ಎಟಿಪಿ ಒಂದೇ ಎಂದು ಹೇಳಿದರೆ ಸಾಕು, ಕೂಡಿ ಕಳೆಯುವ ಕೆಲಸ ತಾನಾಗಿ ಆಗುತ್ತದೆ. ಸೆಲ್‌ಎಂಎಲ್‌ನಲ್ಲಿ ಎಟಿಪಿಯ ಸಮೀಕರಣ ಒಂದೇ ಜಾಗದಲ್ಲಿರಬೇಕು. ಹೊಸ ಭಾಗ ಸೇರಿದಾಗಲೆಲ್ಲ ಅದನ್ನು ತಿದ್ದಬೇಕು. ಚಯಾಪಚಯದ ಮಾಡೆಲ್ ಆದರೆ ಎಸ್‌ಬಿಎಂಎಲ್ ಹಿಡಿಯಿರಿ ಎನ್ನುವುದು ಇದಕ್ಕೇ.

ನರಕೋಶ, ಹೃದಯದ ಕೋಶ ಆದರೆ ನನ್ನ ಮತ ಸೆಲ್‌ಎಂಎಲ್‌ಗೆ. ನರಕೋಶದ ವಿದ್ಯುತ್ ಸಂಕೇತವನ್ನು ವಿವರಿಸುವ 1952ರ ಹಾಜ್‌ಕಿನ್-ಹಕ್ಸ್‌ಲಿ ಮಾಡೆಲನ್ನೇ ನೋಡಿ. ಸೋಡಿಯಂ ಚಾನೆಲ್ (ಪೊರೆಯಲ್ಲಿ ಸೋಡಿಯಂ ಹಾಯುವ ದಾರಿ) ಒಂದು ಭಾಗ, ಪೊಟ್ಯಾಸಿಯಂ ಚಾನೆಲ್ ಇನ್ನೊಂದು. ಪೊರೆಯ ವೋಲ್ಟೇಜ್ ಎರಡನ್ನೂ ಬೆಸೆಯುತ್ತದೆ. ಎಷ್ಟು ಚೆಂದ ಹೊಂದುತ್ತದೆ ಅಲ್ವಾ! ಸೆಲ್‌ಎಂಎಲ್‌ನಲ್ಲಿ ಪ್ರತಿ ಚರಕ್ಕೂ ಅಳತೆಯ ಯೂನಿಟ್ ಕಡ್ಡಾಯ. ಹಾಗಾಗಿ ವೋಲ್ಟ್, ಮಿಲಿವೋಲ್ಟ್ ಗೊಂದಲ ಸುಮ್ನೆ ಒಳಗೆ ನುಸುಳುವುದಿಲ್ಲ.

ಒಂದು ಎಚ್ಚರಿಕೆ. ಎಸ್‌ಬಿಎಂಎಲ್‌ನ ಮೂಲದಲ್ಲಿ ಭಾಗಗಳ ಜೋಡಣೆ ಇಲ್ಲ. ಅದು ಮೂರನೇ ಹಂತದ (ಲೆವೆಲ್ 3) ಎಸ್‌ಬಿಎಂಎಲ್‌ಗೆ ಸೇರಿಸುವ 'ಕಾಂಪ್' ಪ್ಯಾಕೇಜಿನಲ್ಲಿದೆ. ಎಲ್ಲ ಸಾಫ್ಟ್‌ವೇರ್‌ಗೂ ಅದು ಗೊತ್ತಿಲ್ಲ, ಮೊದಲೇ ವಿಚಾರಿಸಿ. ಎಸ್‌ಬಿಎಂಎಲ್ ಫೈಲಿನ ಎಕ್ಸ್‌ಎಂಎಲ್ (ಟ್ಯಾಗ್‌ಗಳ ಬರಹ) ಕೈಯಲ್ಲಿ ಬರೆಯುವುದು ಬೇಸರವಾದರೆ ಆಂಟಿಮನಿ ಎಂಬ ಸರಳ ಬರಹದ ಭಾಷೆ ಬಳಸಿ, ಓದಲೂ ಸುಲಭ. ಸೆಲ್‌ಎಂಎಲ್‌ಗೆ ಓಪನ್‌ಕಾರ್ ಎಂಬ ಸಾಫ್ಟ್‌ವೇರ್ ಇದೆ. ಸಿದ್ಧ ಮಾಡೆಲ್‌ಗಳು ಬಯೋಮಾಡೆಲ್ಸ್, ಫಿಸಿಯೋಮ್ ಎಂಬ ಆನ್‌ಲೈನ್ ಸಂಗ್ರಹಗಳಲ್ಲಿ ಸಿಗುತ್ತವೆ.